ನಾಲ್ಕೂವರೆ ವೋಲ್ಟಿನ ಮೌನ

ಫ್ಯಾನಿನ ಪ್ಲಗ್ಗನ್ನು ಕಿತ್ತು, ಅದೇ ತೂತುಗಳಿಗೆ ಬೆಸುಗೆ ಕಡ್ಡಿಯ ಪ್ಲಗ್ಗನ್ನು ಚುಚ್ಚಿದವನು ಎಲ್ಲರೂ ಫ್ಯೂಸ್ ಎಂದೇ ಕರೆಯುತ್ತಿದ್ದ ರಿಪೇರಿಯವನು. ಹಜಾರದಲ್ಲಿ ಇದ್ದದ್ದು ಒಂದೇ ಪ್ಲಗ್ ಪಾಯಿಂಟು. ಫ್ಯಾನು ಹೆಣದ ತಲೆಯ ಕಡೆ ನಿಂತಿತ್ತು. ಅದರ ರೆಕ್ಕೆಗಳು ಇನ್ನೂ ನಾಲ್ಕು ಸುತ್ತು ಸುತ್ತಿ, ಮನಸ್ಸಿಲ್ಲದ ಮನಸ್ಸಿನಿಂದ ನಿಂತವು.

"ಯಾರದು ಫ್ಯಾನ್ ಆರಿಸಿದ್ದು?"

ಕೇಳಿದವರು ದೊಡ್ಡಪ್ಪ, ಸತ್ತವರ ಅಣ್ಣ. ಮೂವತ್ತೊಂದು ವರ್ಷ ರೈಲು ನಿಲ್ದಾಣದಲ್ಲಿ ಗಾಡಿಗಳು ಬರುವುದನ್ನೂ ಹೋಗುವುದನ್ನೂ ಕೂಗಿ ಹೇಳಿ ನಿವೃತ್ತರಾದವರು. ಗುಟ್ಟು ಹೇಳಿದರೂ ಮೂರನೇ ಪ್ಲಾಟ್‌ಫಾರ್ಮಿಗೆ ಕೇಳಿಸುತ್ತಿತ್ತು.

"ಹತ್ತು ನಿಮಿಷ ದೊಡ್ಡಪ್ಪಾರೇ, ಕಡ್ಡಿ ಕಾಯ್ಬೇಕು" ಎಂದ ಫ್ಯೂಸ್.

"ಅವನು ಸೆಕೇಲಿ ಮಲಗಿದಾನಲ್ಲಯ್ಯಾ!"

"ಮೇಷ್ಟ್ರು ಏನೂ ಅನ್ನಲ್ಲ. ಅವರ ಮನೇಲಿ ಯಾವತ್ತೂ ಫ್ಯಾನಿಗಿಂತ ಇದಕ್ಕೇ ಮೊದಲ ಮರ್ಯಾದೆ."

ಅದು ನಿಜವಾಗಿತ್ತು. ದೊಡ್ಡಪ್ಪ ಜೇಬಿನಿಂದ ನಾಲ್ಕು ಹಾಳೆಗಳ ಭಾಷಣವನ್ನು ತೆಗೆದು ಗಾಳಿ ಬೀಸಿಕೊಳ್ಳತೊಡಗಿದರು. ಮಸಣದಲ್ಲಿ ಓದಲು ಬರೆದುಕೊಂಡದ್ದು. ಮೂರು ಗಂಟೆಗೆ ವಾಹನ ಬರುವುದಿತ್ತು. ಈಗ ಎರಡು ಗಂಟೆ ಹತ್ತು ನಿಮಿಷ.

ಫ್ಯೂಸ್ ನಲವತ್ತೆಂಟು ವರ್ಷದವನು. ಮೊಬೈಲ್ ರಿಪೇರಿ ಅಂಗಡಿಯ ಮಾಲೀಕ. ಆದರೆ ಪಾಲಿಟೆಕ್ನಿಕ್ಕಿನ ಮೊದಲ ವಾರದಲ್ಲೇ ಲ್ಯಾಬಿನ ಮೂರು ಫ್ಯೂಸು ಸುಟ್ಟಿದ್ದರಿಂದ ಲ್ಯಾಬ್ ಮೇಷ್ಟ್ರು ಇಟ್ಟ ಹೆಸರು ಅವನ ಮದುವೆಯನ್ನೂ ದಾಟಿ ಉಳಿದುಕೊಂಡಿತ್ತು. ಆ ಮೇಷ್ಟ್ರೇ ಈಗ ಮರದ ಪೆಟ್ಟಿಗೆಯಲ್ಲಿ, ಇಸ್ತ್ರಿ ಮಾಡಿದ ಅಂಗಿಯಲ್ಲಿ ಮಲಗಿದ್ದರು. ಅವರ ಪಾದಗಳ ಹತ್ತಿರದ ಟೀಪಾಯಿಯ ಮೇಲೆ ಒಂದು ಹಸಿರು ಸಾಬೂನು ಡಬ್ಬಿ ಬಾಯಿ ತೆರೆದು ಬಿದ್ದಿತ್ತು.

ಡಬ್ಬಿಯ ಒಡತಿ ಅದರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಮೇಷ್ಟ್ರ ಹೆಂಡತಿ. ಬೀದಿಗೆಲ್ಲ ಅವರು ಆಪರೇಟರಮ್ಮ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತಾರು ವರ್ಷ ಜಗತ್ತಿನ ಮಾತನ್ನೆಲ್ಲ ಕೇಳಿ, ಕೊನೆಗೆ ಎರಡೂ ಕಿವಿ ಕಳೆದುಕೊಂಡವರು. ಮಗಳು ತಂದುಕೊಟ್ಟಿದ್ದ ಕಡಲೆಕಾಳಿನಷ್ಟು ಚಿಕ್ಕ ಕಿವಿ ಯಂತ್ರ ಕಳೆದ ತಿಂಗಳು ರವಿಕೆಯ ಜೊತೆ ವಾಷಿಂಗ್ ಮೆಷಿನ್ನಿಗೆ ಬಿದ್ದು, ಶುಭ್ರವಾಗಿ ಸತ್ತುಹೋಗಿತ್ತು. ಅದಕ್ಕೂ ಮುಂಚಿನಿಂದ ಇದ್ದದ್ದು ಈ ಸಾಬೂನು ಡಬ್ಬಿ. ಗಂಡ ಕೈಯಾರೆ ಮಾಡಿಕೊಟ್ಟದ್ದು. ಒಳಗೆ ಒಂದು ಬ್ಯಾಟರಿ, ಒಂದು ಮೈಕು, ಕೆಲವು ಟ್ರಾನ್ಸಿಸ್ಟರು. ಹೊರಗೆ ಒಂದು ಪುಟ್ಟ ದೀಪ, ಕೊರಳಿಗೆ ದಾರ, ಕಿವಿಗೆ ತಂತಿ.

"ಆಯ್ತಾ?" ಎಂದರು ಆಪರೇಟರಮ್ಮ. ತಮ್ಮ ದನಿ ತಮಗೆ ಕೇಳದ ಕಾರಣ ಅದು ಎಷ್ಟು ಜೋರಾಗಿತ್ತೆಂದರೆ, ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದವರೊಬ್ಬರು ಮತ್ತೆ ಹಾಕಿಕೊಂಡರು.

ಫ್ಯೂಸ್ ಇಲ್ಲವೆಂದು ತಲೆಯಾಡಿಸಿದ.

"ಗಾಡಿ ಬರೋದ್ರೊಳಗೆ ಆಗ್ಬೇಕು. ನಾನು ಅವಳ ಬಾಯಿಂದ ಕೇಳ್ಬೇಕು."

ಅವಳು ಎಂದರೆ ಮಗಳು. ಗೋಡೆಗೆ ಒರಗಿ ನಿಂತಿದ್ದ ಮಗಳು ನೆಲ ನೋಡಿದಳು.

"ಚೀಟೀಲಿ ಬರೆದುಕೊಟ್ಟಿದಾಳಲ್ಲೇ ಅಕ್ಕ" ಎಂದರು ಆಪರೇಟರಮ್ಮನ ತಂಗಿ, ಚಿಕ್ಕಮ್ಮ. ಅಕ್ಕನಿಗೆ ಕೇಳುವುದಿಲ್ಲವೆಂದು ನೆನಪಾಗಿ, ಗಾಳಿಯಲ್ಲಿ ಬರೆದು ತೋರಿಸಿದರು.

ಆಪರೇಟರಮ್ಮ ಸೊಂಟದಿಂದ ಚೀಟಿ ತೆಗೆದು ಓದಿದರು. "'ನಿನ್ನ ಜೊತೆ ನಡೆದ ದಾರಿಯೇ ನನ್ನ ಬದುಕಿನ ಬೆಳಕು.' ನಿಮ್ಮ ಭಾವ ಕೊನೇಲಿ ಹೀಗೆ ಅಂದ್ರಂತೆ. ನಂಬ್ತೀಯೇನೇ?"

ಚಿಕ್ಕಮ್ಮ ಪೆಟ್ಟಿಗೆಯ ಕಡೆ ನೋಡಿದರು. ಒಳಗಿದ್ದವರ ಮುಖದಲ್ಲಿ ಅಂಥ ಮಾತಾಡಿದ ಯಾವ ಗುರುತೂ ಇರಲಿಲ್ಲ.

"ಹೋದ ವಾರ ಗಡಿಯಾರದ ಅಂಗಡಿಯವನು ಸತ್ತಾಗ ಪೇಪರಿನಲ್ಲಿ ಇದೇ ಬಂದಿತ್ತು. ಬೆಳಕು, ದಾರಿ, ಎಲ್ಲ ಇದೇ. ನಾನು ದಿನಾ ಓದ್ತೀನಿ."

ಮಗಳ ಕೆಲಸ ಅದೇ ಆಗಿತ್ತು. ಪತ್ರಿಕೆಯ ಶ್ರದ್ಧಾಂಜಲಿ ಪುಟಕ್ಕೆ, ದುಃಖದಲ್ಲಿ ಮಾತು ಹೊಳೆಯದವರ ಪರವಾಗಿ ಮಾತು ಬರೆದುಕೊಡುವುದು.

*

ಪಾಲಿಟೆಕ್ನಿಕ್ಕಿನ ಆ ದಿನಗಳಲ್ಲಿ ಲ್ಯಾಬಿನ ಹೊರಗೆ ಒಂಬತ್ತು ಮೆಟ್ಟಿಲುಗಳಿದ್ದವು. ಪ್ರಯೋಗದ ಬ್ಯಾಟರಿಯೂ ಒಂಬತ್ತು ವೋಲ್ಟಿನದು. ಇದು ಕಾಕತಾಳೀಯವೆಂದು ಮೇಷ್ಟ್ರು ಒಪ್ಪುತ್ತಿರಲಿಲ್ಲ.

"ಬಾರೋ ಫ್ಯೂಸ್. ಟ್ರಾನ್ಸಿಸ್ಟರಿಗೆ ಎಷ್ಟು ಕಾಲು?"

"ಮೂರು ಸಾರ್. ಸೋರ್ಸು, ಗೇಟು, ಡ್ರೇನು."

"ನೀನೇ ಡ್ರೇನು. ಮೊದಲನೇ ಮೆಟ್ಟಿಲ ಮೇಲೆ ನಿಂತ್ಕೊ. ನನ್ನ ಕೈ ಗೇಟು. ನಾನು ಕೈ ಒಂದು ಗೇಣು ಎತ್ತಿದ್ರೆ ನೀನು ಮೂರು ಮೆಟ್ಟಿಲು ಇಳೀಬೇಕು. ಇಳಿಸಿದ್ರೆ ಮೂರು ಹತ್ತಬೇಕು."

"ಉಲ್ಟಾ ಯಾಕೆ ಸಾರ್?"

"ಗೇಟು ತೆರೆದಷ್ಟೂ ಕರೆಂಟು ಜಾಸ್ತಿ ಹರಿಯುತ್ತೆ. ಹರಿದಷ್ಟೂ, ಮೇಲೆ ಅದಕ್ಕೆ ಅಡ್ಡ ಕೂತಿರೋ ರೆಸಿಸ್ಟರು ವೋಲ್ಟು ನುಂಗುತ್ತೆ. ನಿನ್ನ ಪಾಲಿಗೆ ಕಮ್ಮಿ ಉಳಿಯುತ್ತೆ, ನೀನು ಇಳೀತೀಯ. ನನ್ನದು ಸಣ್ಣ ಕೈ, ನಿನ್ನದು ದೊಡ್ಡ ಕುಣಿತ. ಅಷ್ಟೇ ಕಣೋ ಆಂಪ್ಲಿಫೈಯರ್ ಅಂದ್ರೆ."

ಅವರು ಕೈ ಎತ್ತಿದರು. ಫ್ಯೂಸ್ ಒಂದು ಮೆಟ್ಟಿಲು ಇಳಿದು ನೆಲದ ಮೇಲೆ ನಿಂತ.

"ಇನ್ನೂ ಎರಡು ಇಳಿ."

"ನೆಲ ಬಂತು ಸಾರ್."

"ನೋಡಿದ್ಯಾ? ಮಾತಿನ ಅರ್ಧ ಭಾಗ ನೆಲದೊಳಗೆ ಹೋಯ್ತು. ಕೇಳೋರಿಗೆ ಬರೀ ಗರಗರ."

ಒಂಬತ್ತನೇ ಮೆಟ್ಟಿಲಿಗೆ ಹತ್ತಿಸಿದರು. ಕೈ ಇಳಿಸಿದರು. ಮೇಲಕ್ಕೆ ಹೋಗಲು ಜಾಗವಿಲ್ಲದೆ ಫ್ಯೂಸ್ ಲ್ಯಾಬಿನ ಬಾಗಿಲಿಗೆ ಹಣೆ ಚಚ್ಚಿಕೊಂಡ. ತರಗತಿಗೆ ತರಗತಿಯೇ ನಕ್ಕಿತು. ಕೊನೆಗೆ ಅವನು ಒಂದು ಕಾಲನ್ನು ನಾಲ್ಕನೇ ಮೆಟ್ಟಿಲ ಮೇಲೆ, ಇನ್ನೊಂದನ್ನು ಐದನೆಯದರ ಮೇಲೆ ಇಟ್ಟು ನಿಂತ. ಈಗ ಕೈ ಎತ್ತಿದರೂ ಇಳಿಸಿದರೂ ಕುಣಿಯಲು ಜಾಗವಿತ್ತು.

"ನಾಲ್ಕೂವರೆ" ಎಂದರು ಮೇಷ್ಟ್ರು ತೃಪ್ತಿಯಿಂದ. "ಮಾತು ಶುರುವಾಗೋಕೆ ಮುಂಚೆ ಎಲ್ಲಿ ಸುಮ್ಮನೆ ನಿಂತಿರ್ತೀಯ, ಅದನ್ನ ನೋಡ್ಕೊ. ಮೌನ ಸರಿಯಾದ ಜಾಗದಲ್ಲಿದ್ರೆ ಮಾತು ತಾನೇ ಸರಿಯಾಗಿ ಬರುತ್ತೆ."

ಆ ಸಂಜೆಯೇ ಹುಡುಗರು ಅವರಿಗೆ ನಾಲ್ಕೂವರೆ ಎಂದು ಹೆಸರಿಟ್ಟರು. ಅವರಿಗೆ ಅದು ಗೊತ್ತಿತ್ತು. ಬೇಸರವಿರಲಿಲ್ಲ. ಹಿಂದಿನ ಮೇಷ್ಟ್ರ ಹೆಸರು ಬೂಸಾ ಎಂದಿತ್ತು.

*

"ಒಂದು ಪಾಯಿಂಟ್ ಒಂದು" ಎಂದು ಫ್ಯೂಸ್ ಮೀಟರು ನೋಡಿ ಗೊಣಗಿದ.

ಮೀಟರಿನ ಕೆಂಪು ತಂತಿಯ ಮೊನೆ ಡಬ್ಬಿಯೊಳಗಿತ್ತು. ಕಪ್ಪು ತಂತಿ ಮಾತ್ರ ಮೇಷ್ಟ್ರ ಪಾದದ ಮೇಲಿಂದ ಹಾದುಬಂದಿತ್ತು. ದೂರದಿಂದ ನೋಡಿದ ಚಿಕ್ಕಮ್ಮ ಗಾಬರಿಬಿದ್ದು ಹತ್ತಿರ ಬಂದರು.

"ಏನಪ್ಪಾ, ಇನ್ನೂ... ಏನಾದ್ರೂ ತೋರಿಸ್ತಿದೆಯಾ?"

"ಡಬ್ಬಿ ನೋಡ್ತಿದೀನಿ ಚಿಕ್ಕಮ್ಮಾರೇ, ಮೇಷ್ಟ್ರನ್ನಲ್ಲ."

"ಹಾಗೆ ಹೇಳಪ್ಪ. ಡಾಕ್ಟರ್ ಬರೆದುಕೊಟ್ಟಮೇಲೆ ಮತ್ತೆ ಶುರುವಾಗೋದು ಬೇಡ."

ಫ್ಯೂಸ್‌ಗೆ ನಗು ಬರಲಿಲ್ಲ. ನಾಲ್ಕೂವರೆ ಇರಬೇಕಾದ ಡ್ರೇನು ಒಂದು ಪಾಯಿಂಟ್ ಒಂದರಲ್ಲಿತ್ತು. ನೆಲಕ್ಕೆ ಒಂದೇ ಮೆಟ್ಟಿಲು. ಆ ಡಬ್ಬಿಯ ಮೊದಲ ಟ್ರಾನ್ಸಿಸ್ಟರನ್ನು ಮೂರು ದಿನದ ಹಿಂದೆ ಬದಲಾಯಿಸಿದವನು ಅವನೇ. ಆಸ್ಪತ್ರೆಯ ಮೆಟ್ಟಿಲಲ್ಲಿ ಆಪರೇಟರಮ್ಮನ ಕೊರಳಿನ ದಾರ ಹರಿದು ಡಬ್ಬಿ ಬಿದ್ದಿತ್ತು. ಅವನು ಅಂಗಡಿಯಲ್ಲಿದ್ದ, ಮೇಷ್ಟ್ರೇ ಹಿಂದೆ ಕೊಟ್ಟಿದ್ದ ಹಳೆಯ ಪೊಟ್ಟಣದಿಂದ ಅದೇ ನಂಬರಿನ ಹೊಸ ಟ್ರಾನ್ಸಿಸ್ಟರು ಹಾಕಿ, ದೀಪ ಹತ್ತಿದ್ದು ನೋಡಿ, ಗಿರಾಕಿಗಳು ಕಾಯುತ್ತಿದ್ದರೆಂದು ಓಡಿಹೋಗಿದ್ದ.

"ನಂಬರು ಒಂದೇ ಇದೆ" ಎಂದ ಅವನು, ಯಾರೂ ಕೇಳದಿದ್ದರೂ. "ಅದೇ ನಂಬರು, ಅದೇ ಕಂಪನಿ."

"ಮತ್ತೆ ಯಾಕೆ ಗರಗರ?" ಎಂದಳು ಮಗಳು. ಬೆಳಿಗ್ಗೆಯಿಂದ ಅವಳು ಆಡಿದ ಮೊದಲ ಮಾತು ಅದು.

ಅದನ್ನು ಕೇಳಿದ್ದೇ ತಡ ಅವನಿಗೆ ಉತ್ತರ ಹೊಳೆಯಿತು. ಮೀಟರನ್ನು ಕೆಳಗಿಟ್ಟ.

"ನಂಬರು ಅಂದ್ರೆ ಮನೆತನ, ಬುದ್ಧಿ ಬೇರೆ ಅಂತಿದ್ರು ನಿಮ್ಮಪ್ಪ. ಒಂದೇ ನಂಬರಿನ ಎರಡು ಟ್ರಾನ್ಸಿಸ್ಟರು ಅಣ್ಣತಮ್ಮಂದಿರ ಹಾಗೆ. ಒಬ್ಬ ಸುಮ್ಮನಿರ್ತಾನೆ, ಇನ್ನೊಬ್ಬನ ಬಾಯಿ ನಿಲ್ಲಲ್ಲ." ದೊಡ್ಡಪ್ಪ ಗಾಳಿ ಬೀಸುವುದನ್ನು ನಿಲ್ಲಿಸಿದರು. ಫ್ಯೂಸ್ ಗಮನಿಸಲಿಲ್ಲ. "ಅದಕ್ಕೇ ಸೋರ್ಸ್ ಕಾಲಿಗೆ ಒಂದು ರೆಸಿಸ್ಟರು ಇರುತ್ತೆ. ಕರೆಂಟು ಜಾಸ್ತಿ ಹರಿದ್ರೆ ಅದರ ಮೇಲೆ ವೋಲ್ಟು ಏರುತ್ತೆ. ಏರಿದ್ರೆ ಗೇಟು ಬಿಗಿಯಾಗುತ್ತೆ, ಕರೆಂಟು ತಗ್ಗುತ್ತೆ. ತನ್ನ ಕಿವಿ ತಾನೇ ಹಿಂಡಿಕೊಳ್ಳೋ ವ್ಯವಸ್ಥೆ. ಎಷ್ಟು ಹಿಂಡಬೇಕು ಅನ್ನೋದು ಹುಡುಗ ಎಂಥವನು ಅನ್ನೋದರ ಮೇಲೆ ಹೋಗುತ್ತೆ. ಹಳೇದು ಸಾಧು, ಅದಕ್ಕೆ ಮುನ್ನೂರಮೂವತ್ತು ಓಮ್ ಸಾಕಾಗಿತ್ತು. ನಾನು ಹಾಕಿರೋದು ಪುಂಡ. ಇದಕ್ಕೆ ಇನ್ನೂ ದೊಡ್ಡ ರೆಸಿಸ್ಟರು ಬೇಕು. ಎಷ್ಟು ದೊಡ್ಡದು ಅಂತ ಒಂದೊಂದೇ ಹಾಕಿ ಅಳೀಬೇಕು."

"ಎಷ್ಟು ಹೊತ್ತು?"

"ಒಂದು ತಾಸು. ಕಡ್ಡಿ ಬೇರೆ ಹಳೇದು."

ಗಡಿಯಾರದಲ್ಲಿ ಎರಡೂ ಮುಕ್ಕಾಲು. ಹೊರಗೆ ವಾಹನದ ಹಾರನ್ ಕೇಳಿಸಿತು. ಜಗತ್ತಿನಲ್ಲಿ ಹೊತ್ತಿಗೆ ಮುಂಚೆ ಬರುವ ಗಾಡಿ ಇದೊಂದೇ ಎಂದು ದೊಡ್ಡಪ್ಪ ಹೇಳಿದರು.

ಮಗಳು ಸುಮ್ಮನೆ ನಿಂತಿದ್ದಳು. ಅವಳು ಹಾಗೆ ನಿಂತಿರುವುದನ್ನು ಅಮ್ಮ ನೋಡುತ್ತಿದ್ದರು.

*

ಕೊನೆಯ ದಿನ ಮಧ್ಯಾಹ್ನ ಆಸ್ಪತ್ರೆಯ ಕೋಣೆಯಲ್ಲಿ ಮೂವರೇ ಇದ್ದರು. ಅಮ್ಮ ಹಾಸಿಗೆಯ ಅಂಚಿನಲ್ಲಿ, ರಿಪೇರಿಯಾಗಿ ಬಂದ ಡಬ್ಬಿಯನ್ನು ಕೊರಳಿಗೆ ಹಾಕಿಕೊಂಡು ಕೂತಿದ್ದರು. ಮಗಳು ಕಿಟಕಿಯ ಹತ್ತಿರ. ಅಪ್ಪ ಕಣ್ಣು ಬಿಟ್ಟು, ಹೆಂಡತಿಯನ್ನು ನೋಡಿ, "ಊಟ ಆಯ್ತಾ?" ಎಂದರು.

"ಏನಂದ್ರಿ?" ಎಂದರು ಅಮ್ಮ.

ಅಪ್ಪ ಹುಬ್ಬು ಗಂಟಿಕ್ಕಿದರು. ಕತ್ತನ್ನು ಸ್ವಲ್ಪ ವಾಲಿಸಿದರು. ಬೀದಿಯಲ್ಲಿ ಹೋಗುವಾಗ ಯಾರದೋ ಮನೆಯ ರೇಡಿಯೋ ಕೆಟ್ಟು ಹಾಡಿದರೆ ಅವರು ಹಾಗೇ ಮಾಡುತ್ತಿದ್ದರು. ಆಮೇಲೆ ನಿಧಾನವಾಗಿ, ಒಂದೊಂದೇ ಪದವನ್ನು ಎತ್ತಿಟ್ಟಂತೆ ಹೇಳಿದರು.

"ಆ ಪೊಟ್ಟಣದವೆಲ್ಲ ಪುಂಡರು. ಸೋರ್ಸ್‌ಗೆ ಒಂದೂವರೆ ಕಿಲೋ ಹಾಕಿಸ್ಕೊ."

ಅಷ್ಟೇ. ಕಣ್ಣು ಮುಚ್ಚಿದರು. ಸಂಜೆಯ ಹೊತ್ತಿಗೆ ಹೋಗಿಬಿಟ್ಟರು.

"ಏನಂದ್ರೇ ನಿಮ್ಮಪ್ಪ? ಏನೋ ಅಂದ್ರಲ್ಲ?" ಎಂದು ಅಮ್ಮ ಆ ರಾತ್ರಿಯವರೆಗೂ ಕೇಳಿದರು.

ಮಗಳಿಗೆ ಅಳುವಿಗಿಂತ ಮೊದಲು ಕೋಪ ಬಂದಿತ್ತು. ಅಪ್ಪನ ಬುದ್ಧಿ ಮತ್ತೆ ಲ್ಯಾಬಿಗೆ ಹೋಗಿ ಕೂತಿದೆ ಎಂದುಕೊಂಡಳು. ಅವಳ ಹೆಸರು ಹಿಡಿದು ಕರೆಯುವ ಮುಂಚೆ ಟೇಬಲ್ಲಿನ ಮೇಲಿದ್ದುದನ್ನು ಮುಗಿಸುತ್ತಿದ್ದ ಮನುಷ್ಯ; ಸಾಯುವಾಗಲೂ ಹೆಂಡತಿಗೆ ಹೇಳಲು ಸಿಕ್ಕಿದ್ದು ಒಂದು ರೆಸಿಸ್ಟರು. ಇದನ್ನು ಚೀಟಿಯಲ್ಲಿ ಬರೆದು ಅಮ್ಮನ ಕೈಗೆ ಹೇಗೆ ಕೊಡುವುದು? ಹನ್ನೊಂದು ವರ್ಷದಿಂದ ಬೆರಳಿಗೆ ರೂಢಿಯಾಗಿದ್ದ ವಾಕ್ಯ ತಾನೇ ಬಂದು ಕಾಗದದ ಮೇಲೆ ಕೂತಿತು. ದೊಡ್ಡಪ್ಪ ಅದನ್ನು ಓದಿ ಕಣ್ಣೊರೆಸಿಕೊಂಡು, ಭಾಷಣದ ಮೊದಲ ಸಾಲಾಗಿ ಇಳಿಸಿಕೊಂಡರು.

ಅಮ್ಮನ ಡಬ್ಬಿ ಕೆಟ್ಟಿದೆಯೆಂದು ಆಗ ಅವಳಿಗೆ ಗೊತ್ತಿರಲಿಲ್ಲ. ಅಮ್ಮ ಏನಂದ್ರಿ ಎನ್ನುವುದು ಮನೆಯಲ್ಲಿ ಹೊಸದೇನಲ್ಲ. ಅವರ ಕಿವಿಯ ತಂತಿಯಿಂದ ತಮ್ಮದೇ ದನಿ ಗೊಗ್ಗರಾಗಿ ಸೋರುವುದನ್ನು ಕೇಳಿಸಿಕೊಂಡವರು ಆ ಕೋಣೆಯಲ್ಲಿ ಅಪ್ಪ ಒಬ್ಬರೇ.

*

"ಒಂದೂವರೆ ಕಿಲೋ ಹಾಕು" ಎಂದಳು ಮಗಳು.

ಫ್ಯೂಸ್ ತಲೆ ಎತ್ತಿದ. "ಏನು?"

"ಸೋರ್ಸ್‌ಗೆ. ಒಂದೂವರೆ ಕಿಲೋ."

"ನಿಂಗೆ ಹೇಗೆ ಗೊತ್ತು?"

"ಅಪ್ಪ ಹೇಳಿದ್ರು."

"ಯಾವಾಗ?"

ಮಗಳು ದೊಡ್ಡಪ್ಪನ ಕೈಯಲ್ಲಿದ್ದ ಹಾಳೆಗಳ ಕಡೆ ನೋಡಿದಳು. ದೊಡ್ಡಪ್ಪ ಅವಳನ್ನೂ ಹಾಳೆಯನ್ನೂ ಎರಡೆರಡು ಸಲ ನೋಡಿದರು.

"ಹಾಗಾದ್ರೆ ಬೆಳಕು?" ಎಂದರು. "ದಾರಿ?"

"ನಾನು ಬರೆದಿದ್ದು ದೊಡ್ಡಪ್ಪ."

"ಏನು ಒಂದೂವರೆ ಕಿಲೋ?" ಎಂದರು ತಡವಾಗಿ ಮಾತಿಗೆ ಸೇರಿದ ಚಿಕ್ಕಮ್ಮ. "ಏನು ತರಬೇಕಂತೆ?"

ಫ್ಯೂಸ್ ಆಗಲೇ ಒಳಕೋಣೆಗೆ ಓಡಿದ್ದ. ಮೇಷ್ಟ್ರ ಮೇಜಿನ ಖಾನೆಗಳಲ್ಲಿ ಹಳೆಯ ಮಾತ್ರೆ ಶೀಶೆಗಳು ಸಾಲಾಗಿದ್ದವು. ಮೇಲೆ ಮುದ್ದಾದ ಅಕ್ಷರದಲ್ಲಿ ಅಂಕಿಗಳು. ಒಂದೂವರೆ ಕಿಲೋ ಓಮ್ ಎಂಬ ಶೀಶೆ ಕೈಗೆ ಸಿಕ್ಕಾಗ ಅವನ ಕಣ್ಣು ಮಂಜಾಗಿ, ಇನ್ನೊಂದು ಸಲ ಓದಬೇಕಾಯಿತು.

ರಾಳದ ಹೊಗೆ ಎದ್ದು ಹೂವಿನ ವಾಸನೆಯನ್ನು ಪಕ್ಕಕ್ಕೆ ಸರಿಸಿತು. ಹಳೆಯ ರೆಸಿಸ್ಟರು ಕಳಚಿ ಮೇಷ್ಟ್ರ ಪಾದದ ಹತ್ತಿರ ಉರುಳಿತು. ಹೊಸದು ಕೂತಿತು. ಫ್ಯೂಸ್ ಮೀಟರಿನ ಮೊನೆಯನ್ನು ಡ್ರೇನಿಗೆ ಮುಟ್ಟಿಸಿ, ಅಂಕಿಯನ್ನು ನೋಡಿ, ಮೀಟರನ್ನು ಮಗಳ ಕಡೆ ತಿರುಗಿಸಿದ. ನಾಲ್ಕು ಪಾಯಿಂಟ್ ನಾಲ್ಕು.

"ಮಲಗಿದಲ್ಲಿಂದಲೇ" ಎಂದ. "ಬರೀ ಕಿವೀಲಿ ಕೇಳಿ ಕಂಡುಹಿಡಿದಿದಾರೆ ಮೇಷ್ಟ್ರು. ಮೀಟರಿಲ್ಲದೆ."

ವಾಹನದವನು ಬಾಗಿಲಲ್ಲಿ ನಿಂತು, "ಮುಚ್ಚಳ ಹಾಕೋಣ್ವಾ? ನಾಲ್ಕು ಗಂಟೆಗೆ ಇನ್ನೊಂದು ಕಡೆ ಇದೆ" ಎಂದ. ಅವನ ಕೈಯಲ್ಲಿ ತಿರುಪುಳಿ ಸಿದ್ಧವಾಗಿತ್ತು.

"ಒಂದು ನಿಮಿಷ" ಎಂದಳು ಮಗಳು.

ಅವಳೇ ಡಬ್ಬಿಯನ್ನು ಮುಚ್ಚಿ, ಅಮ್ಮನ ಕೊರಳಿಗೆ ಹಾಕಿ, ತಂತಿಯನ್ನು ಕಿವಿಗೆ ಸಿಕ್ಕಿಸಿದಳು. ಆಪರೇಟರಮ್ಮ ಗುಂಡಿ ತಿರುಗಿಸಿದರು. ಏನಾದರೂ ಮಾತಾಡಿ ಪರೀಕ್ಷೆ ಮಾಡಬೇಕೆಂದು ಎಲ್ಲರಿಗೂ ಗೊತ್ತಿತ್ತು. ಒಬ್ಬರಿಗೂ ಮಾತು ಹೊಳೆಯಲಿಲ್ಲ.

"ನಲ್ಲಿ ತೊಟ್ಟಿಕ್ತಿದೆ" ಎಂದರು ಆಪರೇಟರಮ್ಮ. ದನಿ ಈಗ ಎಲ್ಲರ ದನಿಯಷ್ಟೇ ಇತ್ತು. "ಅಡುಗೆಮನೇದು."

ಚಿಕ್ಕಮ್ಮ ಹೋಗಿ ನಲ್ಲಿಯನ್ನು ಬಿಗಿಮಾಡಿ ಬಂದರು.

"ಈಗ ಹೇಳೇ. ಪೇಪರಿನದ್ದು ಬೇಡ. ನಿಮ್ಮಪ್ಪ ಏನಂದ್ರು?"

ಮಗಳು ಮಂಡಿಯೂರಿ ಕೂತಳು. ಬಾಯಿ ಮೈಕಿನ ಹತ್ತಿರಕ್ಕೆ ಬಂತು.

"ಊಟ ಆಯ್ತಾ ಅಂದ್ರು. ನೀನು ಏನಂದ್ರಿ ಅಂದೆ. ಆಮೇಲೆ... ಆ ಪೊಟ್ಟಣದವೆಲ್ಲ ಪುಂಡರು, ಸೋರ್ಸ್‌ಗೆ ಒಂದೂವರೆ ಕಿಲೋ ಹಾಕಿಸ್ಕೊ ಅಂದ್ರು. ಇನ್ನೇನೂ ಹೇಳ್ಲಿಲ್ಲಮ್ಮ. ಸತ್ಯವಾಗ್ಲೂ."

ಆಪರೇಟರಮ್ಮ ಆ ದನಿಯನ್ನು ಸ್ವಲ್ಪ ಹೊತ್ತು ತೂಗಿ ನೋಡುವಂತೆ ಕೂತರು. ಇಪ್ಪತ್ತಾರು ವರ್ಷದ ಕೆಲಸ. ಸುಳ್ಳಿನ ತೂಕ ಅವರಿಗೆ ಗೊತ್ತಿತ್ತು. ಆಮೇಲೆ ಅವರ ಭುಜಗಳು ಅಲುಗತೊಡಗಿದವು. ಅಳುತ್ತಿದ್ದಾರೆಂದು ಚಿಕ್ಕಮ್ಮ ನೀರು ತರಲು ಎದ್ದರು. ಅಳುವಲ್ಲ, ನಗು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಗು. ಕಣ್ಣೀರು ನಿಲ್ಲಲು ನಗುವಿಗಿಂತ ಹೆಚ್ಚು ಹೊತ್ತು ಹಿಡಿಯಿತು.

"ಹೂಂ" ಎಂದರು ಕೊನೆಗೆ, ಮುಖ ಒರೆಸಿಕೊಂಡು. "ಇದು ಅವರು." ಸೊಂಟದ ಚೀಟಿಯನ್ನು ತೆಗೆದು ಮಗಳಿಗೆ ವಾಪಸು ಕೊಟ್ಟರು. "ಇದನ್ನ ಇಟ್ಕೋ. ಯಾರಿಗಾದ್ರೂ ಬೇಕಾಗುತ್ತೆ."

ವಾಹನದವನು ಅವಸರ ಅವಸರವಾಗಿ ಪೆಟ್ಟಿಗೆಯ ಮುಚ್ಚಳಕ್ಕೆ ತಿರುಪು ಬಿಗಿದ.

*

ವಾಹನದಲ್ಲಿ ಎರಡು ಕಡೆ ಉದ್ದನೆಯ ಬೆಂಚು, ನಡುವೆ ಪೆಟ್ಟಿಗೆ. ಒಂದು ಕಡೆ ಆಪರೇಟರಮ್ಮ, ಮಗಳು, ಫ್ಯೂಸ್. ಎದುರಿಗೆ ದೊಡ್ಡಪ್ಪ, ಚಿಕ್ಕಮ್ಮ. ಬೀದಿಯ ತಿರುವು ದಾಟುವ ಹೊತ್ತಿಗೆ ಎರಡು ದಿನದ ಅಭ್ಯಾಸ ಮರಳಿತು. ಆಪರೇಟರಮ್ಮನ ಎದುರಿಗೆ ಏನು ಬೇಕಾದರೂ ಮಾತಾಡಬಹುದು ಎಂಬ ಅಭ್ಯಾಸ.

"ಏನೇ ಹೇಳು, ನಾನೀಗ ಅಲ್ಲಿ ನಿಂತು ಏನು ಓದಲಿ?" ಎಂದು ದೊಡ್ಡಪ್ಪ ಚಿಕ್ಕಮ್ಮನ ಕಿವಿಯಲ್ಲಿ, ಅಂದರೆ ಇಡೀ ವಾಹನಕ್ಕೆ ಕೇಳುವಂತೆ ಹೇಳಿದರು. "ಒಡಹುಟ್ಟಿದ ತಮ್ಮ. ಕೊನೇ ಮಾತು ರೆಸಿಸ್ಟರು ಅಂತೆ! ನಾಲ್ಕು ಜನರ ಮುಂದೆ ಹೇಳೋ ಮಾತಾ ಇದು?"

"ಅವರು ಬೇಕೂಂತ ಅಂದ್ರಾ ಪಾಪ" ಎಂದರು ಚಿಕ್ಕಮ್ಮ. "ಅಕ್ಕನೂ ಅದಕ್ಕೆ ನಗೋದಾ? ಜನ ಏನಂದ್ಕೊಂಡ್ರೋ. ನಾನಂತೂ ಬಾಗಿಲ ಹತ್ತಿರ ಇದ್ದೋರಿಗೆ, ದುಃಖಕ್ಕೆ ಹೀಗಾಗಿದೆ ಅಂದೆ."

"ಭಾವ" ಎಂದರು ಆಪರೇಟರಮ್ಮ.

ಇಬ್ಬರೂ ಬೆಚ್ಚಿದರು. ಡಬ್ಬಿಯ ಪುಟ್ಟ ಕೆಂಪು ದೀಪ ಉರಿಯುತ್ತಿತ್ತು.

"ಅದು ನಾಲ್ಕು ಜನಕ್ಕೆ ಹೇಳಿದ್ದಲ್ಲ. ನನಗೆ ಹೇಳಿದ್ದು."

ಅವರ ದನಿಯಲ್ಲಿ ಕೋಪವಿರಲಿಲ್ಲ. ದೊಡ್ಡಪ್ಪ ಭಾಷಣವನ್ನು ಮಡಿಸಿದರು. ಮತ್ತೊಮ್ಮೆ ಮಡಿಸಿದರು. ಜೇಬಿಗೆ ಸೇರಿಸಿ, ಗುಂಡಿ ಹಾಕಿದರು. ಚಿಕ್ಕಮ್ಮ ಸೀರೆಯ ಅಂಚನ್ನು ಪರೀಕ್ಷಿಸತೊಡಗಿದರು. ಮಗಳು ಅಮ್ಮನ ಮೊಣಕೈಗೆ ತನ್ನ ಮೊಣಕೈ ತಾಗುವಷ್ಟು ಸರಿದು ಕೂತಳು. ಮೂವತ್ತೊಂದು ವರ್ಷ ಕೂಗಿದ ಗಂಟಲು ಕೂಡ, ಒಮ್ಮೆ ಕೆಮ್ಮು ಬಂದಾಗ, ಅಪ್ಪಣೆ ಕೇಳುವಂತೆ ಆ ದೀಪದ ಕಡೆ ನೋಡಿತು.

ರಸ್ತೆ ಹದಗೆಟ್ಟಿತ್ತು. ಎಂಜಿನ್ನಿನ ಸದ್ದು, ಗಾಜಿನ ಸದ್ದು, ಚಕ್ರದ ಕೆಳಗಿನ ಜಲ್ಲಿಯ ಸದ್ದು. ಆಪರೇಟರಮ್ಮ ಅವೆಲ್ಲವನ್ನೂ ಒಂದೊಂದಾಗಿ ಕೇಳಿ ಬದಿಗಿಟ್ಟರು. ಅವುಗಳ ಅಡಿಯಲ್ಲಿ ಇನ್ನೊಂದು ಸಣ್ಣ ಸದ್ದಿತ್ತು. ಕಿಣಿ ಕಿಣಿ. ಅವರು ಕತ್ತು ವಾಲಿಸಿದರು, ಬಾಗಿದರು, ಡಬ್ಬಿಯನ್ನು ಪೆಟ್ಟಿಗೆಯ ಉದ್ದಕ್ಕೂ ಮೆಲ್ಲಗೆ ಸರಿಸಿದರು. ಉಳಿದವರಿಗೆ ಏನೂ ಕೇಳಿಸಲಿಲ್ಲ. ತಲೆಯ ಕಡೆಯ ಮೂಲೆಯಲ್ಲಿ ಅದು ಸಿಕ್ಕಿತು. ಅವಸರದಲ್ಲಿ ವಾಹನದವನು ಸಡಿಲ ಬಿಟ್ಟಿದ್ದ ಒಂದು ತಿರುಪು.

ಆಪರೇಟರಮ್ಮ ಅದರ ಮೇಲೆ ಬೆರಳಿಟ್ಟು ಒತ್ತಿದರು. ಸದ್ದು ನಿಂತಿತು. ಮಸಣದ ಗೇಟು ಬರುವವರೆಗೂ ಅವರು ಆ ಬೆರಳನ್ನು ತೆಗೆಯಲಿಲ್ಲ.